ಮುಂದಿನ ಮೆರವಣಿಗೆ, ಹಿಂದಿನ ಸೆರಗು

(ಇಳಿಹೊತ್ತು. ನಿವೃತ್ತರಾದ ಇಂಗ್ಲಿಷ್ ಉಪಾಧ್ಯಾಯರೊಬ್ಬರ ಮನೆಯ ಜಗಲಿ. ಅವರಲ್ಲಿ ಒಂದು ಕಾಲಕ್ಕೆ ಓದಿ, ಈಗ ಅದೇ ಊರಿನ ಪ್ರೌಢಶಾಲೆಯಲ್ಲಿ ಅದೇ ಪಾಠವನ್ನು ಹೇಳುತ್ತಿರುವ ತರುಣರೊಬ್ಬರು ಒಂದು ಕಟ್ಟು ನೋಟುಪುಸ್ತಕಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿದ್ದಾರೆ.)

ಹಿರಿಯರು: ಬಾರಯ್ಯ, ಕೂತುಕೊ. ಅದೇನು, ಶಾಲೆಯನ್ನೇ ಹೊತ್ತುಕೊಂಡು ಬಂದಂತಿದೆ?

ಕಿರಿಯರು: ಒಂಬತ್ತನೆಯ ತರಗತಿಯವರ ಅಭ್ಯಾಸಪುಸ್ತಕಗಳು, ಮೇಷ್ಟರೇ. ಎರಡೆರಡು ಬಿಡಿವಾಕ್ಯಗಳನ್ನು ಕೊಟ್ಟು, ಅವುಗಳನ್ನು ಸಂಬಂಧಾರ್ಥಕ ಸರ್ವನಾಮದಿಂದ ಕೂಡಿಸಿ ಒಂದೊಂದು ಮಿಶ್ರವಾಕ್ಯವನ್ನಾಗಿ ಬರೆಯಿರಿ ಎಂದು ಹೇಳಿದ್ದೆನು. ಮುಕ್ಕಾಲು ಪಾಲು ತಿದ್ದಿ ಮುಗಿಸಿದ್ದೇನೆ; ಆದರೆ ತಿದ್ದುತ್ತ ತಿದ್ದುತ್ತ ಹುಡುಗರ ಇಂಗ್ಲಿಷಿನ ಮೇಲಿದ್ದ ಸಂಶಯವು ನನ್ನ ಕೆಂಪು ಶಾಯಿಯ ಮೇಲೆಯೇ ತಿರುಗಿಬಿಟ್ಟಿದೆ.

ಹಿರಿಯರು: ನನಗೆ ಆ ಸಂಶಯ ಬರುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಇರಲಿ, ವಿಧಾನವನ್ನು ಹೇಗೆ ಹೇಳಿಕೊಟ್ಟೆ?

ಕಿರಿಯರು: ತಾವು ನಮಗೆ ಹೇಳಿಕೊಟ್ಟ ಹಾಗೆಯೇ. ಎರಡು ವಾಕ್ಯಗಳಿಗೂ ಸಮಾನವಾದ ನಾಮಪದ ಯಾವುದೆಂದು ಮೊದಲು ನೋಡತಕ್ಕದ್ದು. ಎರಡನೆಯ ವಾಕ್ಯದಲ್ಲಿ ಆ ನಾಮಪದವನ್ನು ತೆಗೆದು, ಮನುಷ್ಯರಾದರೆ ‘ಹೂ’, ಉಳಿದುದಾದರೆ ‘ವಿಚ್’, ಎರಡಕ್ಕೂ ಸಲ್ಲುವಂತೆ ಬೇಕಾದರೆ ‘ದಟ್’ ಎಂದು ಇಡತಕ್ಕದ್ದು. ಕರ್ಮಸ್ಥಾನದಲ್ಲಿ ‘ಹೂಮ್’, ಷಷ್ಠಿಯಲ್ಲಿ ‘ಹೂಸ್’. ಅನಂತರ ಆ ತುಂಡನ್ನು ಇಡಿಯಾಗಿ ಎತ್ತಿ ಮೊದಲನೆಯ ವಾಕ್ಯದ ನಾಮಪದದ ಬೆನ್ನಿಗೆ ಅಂಟಿಸತಕ್ಕದ್ದು.

ಹಿರಿಯರು: ‘ಹೂಸ್’ ಎಂದಾಗ ತರಗತಿ ನಕ್ಕಿತೆ?

ಕಿರಿಯರು: ನಕ್ಕಿತು.

ಹಿರಿಯರು: ನಾನು ಓದುವಾಗಲೂ ನಕ್ಕಿತ್ತು, ನೀನು ಓದುವಾಗಲೂ ನಕ್ಕಿತ್ತು. ಈ ಪಾಠದಲ್ಲಿ ಕನ್ನಡದ ಮಕ್ಕಳಿಗೆ ಆಜನ್ಮ ಮರೆಯದೆ ಉಳಿಯುವುದು ಆ ಷಷ್ಠೀವಿಭಕ್ತಿಯೊಂದೇ. ಏಕೆಂಬುದನ್ನು ಜಗಲಿಯ ಮೇಲೆ ಕೂತು ವಿವರಿಸುವಂತಿಲ್ಲ. ಆದರೆ ಅಂಟಿಸತಕ್ಕದ್ದು ಎಂದೆಯಲ್ಲ, ತಂಟೆ ಹುಟ್ಟುವುದು ಆ ಮಾತಿನಿಂದ. ನಾನೂ ಹಾಗೆಯೇ ಹೇಳಿಕೊಟ್ಟೆನೆಂಬುದು ಸುಳ್ಳಲ್ಲ. ನಾನು ನೆಸ್‌ಫೀಲ್ಡನ ವ್ಯಾಕರಣವನ್ನು ಕಂಠಪಾಠ ಮಾಡಿದವನು. ನೀವು 1935ರ ಅನಂತರದ ರೆನ್ ಮತ್ತು ಮಾರ್ಟಿನ್ನರ ವಂಶಕ್ಕೆ ಸೇರಿದವರು. ಆ ರೆನ್ ಮಹಾಶಯನು ಹಿಂದೂದೇಶದ ಶಿಕ್ಷಣ ಇಲಾಖೆಯಲ್ಲಿ ಕೆಲಸಮಾಡಿ, ಫ್ರೆಂಚರ ಪರದೇಶಿ ಪಡೆಯ ಸಿಪಾಯಿಗಳ ಸಾಹಸವನ್ನು ಕುರಿತು 1924ರಲ್ಲಿ ‘ಬೋ ಜೆಸ್ಟ್’ ಎಂಬ ಕಾದಂಬರಿಯನ್ನು ಬರೆದು ಹೆಸರು ಪಡೆದವನು. ಕಾದಂಬರಿಯನ್ನು ಬರೆಯುವಾಗ ಅವನು ಎರಡು ವಾಕ್ಯಗಳನ್ನು ಮುಂದಿಟ್ಟುಕೊಂಡು, ಸಮಾನಪದವನ್ನು ಹುಡುಕಿ, ಒಂದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸುತ್ತ ಕುಳಿತಿದ್ದನೆಂದು ನನಗೆ ತೋರುವುದಿಲ್ಲ. ಎಲ್ಲಿ, ಒಂದು ಪುಸ್ತಕವನ್ನು ತೆಗೆ.

ಕಿರಿಯರು: ಇದನ್ನು ನೋಡಿ. ‘ದಿ ಬುಕ್ ವಿಚ್ ಐ ರೆಡ್ ಇಟ್ ಈಸ್ ಲಾಸ್ಟ್.’ ಓದಿದ ಪುಸ್ತಕ ಕಳೆದುಹೋಯಿತು ಎಂಬ ಅರ್ಥಕ್ಕೆ. ‘ವಿಚ್’ ಬಂದ ಮೇಲೆ ಆ ‘ಇಟ್’ ಏಕೆ ಬಂತು ಎಂದು ಕೇಳಿದರೆ, ಇಲ್ಲದಿದ್ದರೆ ಏನನ್ನು ಓದಿದೆನೆಂದು ಗೊತ್ತಾಗುವುದಿಲ್ಲವಲ್ಲ ಸಾರ್, ಎನ್ನುತ್ತಾನೆ. ಹತ್ತು ಹನ್ನೆರಡು ಪುಸ್ತಕಗಳಲ್ಲಿ ಇದೇ ತಪ್ಪಿದೆ.

ಹಿರಿಯರು: ಹತ್ತು ಹನ್ನೆರಡು ಮಂದಿ ಬೇರೆ ಬೇರೆ ಮನೆಗಳಲ್ಲಿ ಕೂತು ಒಂದೇ ತಪ್ಪನ್ನು ಮಾಡಿದರೆಂದರೆ ಅದಕ್ಕೆ ಒಂದು ಮನೆತನ ಇರಬೇಕು. ಸಂಸ್ಕೃತದಲ್ಲಿ ‘ಯತ್’ ಎಂದು ತೊಡಗಿದ ವಾಕ್ಯಕ್ಕೆ ‘ತತ್’ ಎಂಬುದು ಉತ್ತರವಾಗಿ ಬರುತ್ತದೆ. ಯಾವನು ಎಂದವನು ಅವನು ಎನ್ನಬೇಕು, ಎಲ್ಲಿ ಎಂದವನು ಅಲ್ಲಿ ಎನ್ನಬೇಕು. ಅದರ ಪ್ರತಿರೂಪ ನಮ್ಮಲ್ಲಿಯೂ ಉಂಟು: ಯಾವ ಪುಸ್ತಕವನ್ನು ಓದಿದೆನೋ ಅದು ಕಳೆದುಹೋಯಿತು. ನಿನ್ನ ಹುಡುಗನು ‘ವಿಚ್’ ಎಂಬುದನ್ನು ‘ಯಾವ’ ಎಂದು ತಿಳಿದಿದ್ದಾನೆ. ಯಾವ ಎಂದ ಮೇಲೆ ಅದು ಎಂಬುದು ಎಲ್ಲಿಯಾದರೂ ಬರಲೇಬೇಕೆಂದು ಅವನ ಕಿವಿ ಹೇಳಿತು, ಕೈಗೆ ಸಿಕ್ಕಿದ ಕಡೆಯಲ್ಲಿ ಇಟ್ಟುಬಿಟ್ಟನು. ಇಂಗ್ಲಿಷಿನ ‘ವಿಚ್’ ಆದರೋ ಯಾವ ಎಂಬ ಕೆಲಸವನ್ನೂ ಅದು ಎಂಬ ಕೆಲಸವನ್ನೂ ಒಬ್ಬನೇ ಹೊತ್ತುಕೊಂಡಿರುವ ಆಳು. ಅವನಿಗೆ ಸಹಾಯಕನನ್ನು ಕೊಟ್ಟರೆ ಒಪ್ಪುವುದಿಲ್ಲ.

ಕಿರಿಯರು: ಹಾಗಾದರೆ ಕನ್ನಡದಲ್ಲಿ ಆಲೋಚಿಸಬೇಡಿ ಎಂದು ಹೇಳಿಬಿಡಬಹುದಲ್ಲವೆ?

ಹಿರಿಯರು: ಹೇಳಬಹುದು, ಅವರು ಕೇಳುವುದಿಲ್ಲ. ಅದಕ್ಕಿಂತ, ಕನ್ನಡದಲ್ಲಿ ಸರಿಯಾಗಿ ಆಲೋಚಿಸಿ ಎಂದು ಹೇಳುವುದು ಲೇಸು. ಯಾಕೆಂದರೆ ಆ ‘ಯಾವ–ಅದು’ ಎಂಬ ಜೋಡಿ ನಮ್ಮ ಭಾಷೆಗೆ ಪರಕೀಯವಲ್ಲದಿದ್ದರೂ ನಾವು ದಿನನಿತ್ಯದಲ್ಲಿ ಅದರ ಹಂಗಿಗೆ ಹೋಗುವುದೇ ಇಲ್ಲ. ನಿನ್ನ ಮನೆಯಲ್ಲಿ ಯಾರಾದರೂ, ಯಾವ ಹಾಲು ಒಲೆಯ ಮೇಲೆ ಇದೆಯೋ ಅದು ಉಕ್ಕುತ್ತಿದೆ ಎಂದು ಕೂಗುತ್ತಾರೆಯೆ? ಹಾಗೆ ಕೂಗುವಷ್ಟರಲ್ಲಿ ಹಾಲು ಒಲೆಗೆ ಆಹುತಿಯಾಗಿರುತ್ತದೆ. ಒಲೆಯ ಮೇಲಿರುವ ಹಾಲು, ಓದಿದ ಪುಸ್ತಕ, ನಿನ್ನೆ ಬಂದ ಹುಡುಗ. ಕ್ರಿಯಾಪದವನ್ನು ಕೃದಂತವನ್ನಾಗಿ ಮಾಡಿ ನಾಮಪದದ ಮುಂದೆ ಇಟ್ಟರೆ ಮುಗಿಯಿತು. ಸಂಬಂಧಾರ್ಥಕ ಸರ್ವನಾಮವೆಂಬ ಮಧ್ಯಸ್ಥನೇ ಬೇಕಿಲ್ಲ. 1903ರಲ್ಲಿ ಕನ್ನಡಕ್ಕೆ ದೊಡ್ಡ ವ್ಯಾಕರಣವನ್ನು ಬರೆದ ಕಿಟ್ಟೆಲ್ ಪಂಡಿತನು ಈ ಬಂದ, ಬರುವ, ಬಾರದ ಎಂಬ ರೂಪಗಳಿಗೆ ‘ರಿಲೆಟಿವ್ ಪಾರ್ಟಿಸಿಪಲ್’ ಎಂಬ ಹೆಸರನ್ನು ಬಳಸಿದನು. ತನ್ನ ಭಾಷೆಯಲ್ಲಿ ಒಂದು ಸರ್ವನಾಮವೂ ಒಂದು ಕ್ರಿಯಾಪದವೂ ಕೂಡಿ ಮಾಡುವ ಕೆಲಸವನ್ನು ಇಲ್ಲಿ ಕೃದಂತವೊಂದೇ ಮಾಡುವುದನ್ನು ಕಂಡ ಪರದೇಶದವನಿಗೆ ಆ ಹೆಸರು ಸಹಜವಾಗಿ ತೋರಿತು. ‘ಬಾರದ’ ಎಂಬುದನ್ನು ಗಮನಿಸು. ಬಾರದ ಮಳೆ ಎಂದರೆ ನಿನ್ನೆ ಬಾರದಿದ್ದ ಮಳೆಯೋ, ಎಂದೂ ಬಾರದ ಮಳೆಯೋ, ನಾಳೆಯೂ ಬಾರದ ಮಳೆಯೋ? ಕನ್ನಡದ ರೈತನು ಈ ಮೂರನ್ನೂ ಒಂದೇ ನಿಟ್ಟುಸಿರಿನಲ್ಲಿ ಹೇಳಿಬಿಡುತ್ತಾನೆ. ಅದನ್ನು ಇಂಗ್ಲಿಷಿಗೆ ತರುವವನು ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು.

ಕಿರಿಯರು: ಕೃದಂತವು ನಾಮಪದದ ಮುಂದೆ, ಇಂಗ್ಲಿಷಿನ ಉಪವಾಕ್ಯವು ನಾಮಪದದ ಹಿಂದೆ. ಹುಡುಗರಿಗೆ ಇದೇ ತಲೆಕೆಳಗಾಗಿ ಕಾಣುವುದೆಂದು ತೋರುತ್ತದೆ.

ಹಿರಿಯರು: ನಮ್ಮ ಊರಿನ ರಥೋತ್ಸವದ ಮಾರನೆಯ ದಿನ ದೇವರು ಬೀದಿಗೆ ಬರುವುದನ್ನು ನೋಡಿದ್ದೀಯಷ್ಟೆ. ಮೊದಲು ನಗಾರಿ, ಅದರ ಹಿಂದೆ ನಾಗಸ್ವರ, ಆಮೇಲೆ ದೀವಟಿಗೆಯವರು, ಛತ್ರಚಾಮರದವರು. ಇವರೆಲ್ಲರೂ ದಾಟಿದ ಮೇಲೆ ಉತ್ಸವಮೂರ್ತಿ. ಬೀದಿಯಲ್ಲಿ ನಿಂತವನಿಗೆ ಯಾವ ದೇವರು ಬರುತ್ತಿದ್ದಾನೆಂಬುದು ಕಟ್ಟಕಡೆಯಲ್ಲಿ ತಿಳಿಯುತ್ತದೆ. ಆದರೆ ಯಾರೋ ದೊಡ್ಡವರೇ ಬರುತ್ತಿದ್ದಾರೆಂಬುದು ಮೊದಲ ಪೆಟ್ಟಿಗೇ ತಿಳಿದು ಕೈ ಮುಗಿಯಲು ಸಿದ್ಧನಾಗಿರುತ್ತಾನೆ. ಕನ್ನಡದ ವಾಕ್ಯವು ಈ ಮೆರವಣಿಗೆ. ‘ಹೋದ ವಾರ ಸಂತೆಯಲ್ಲಿ ನಮ್ಮ ಎದುರುಮನೆಯವರಿಗೆ ಹಾಲು ಕೊಡುವ ಹೆಂಗಸಿನ ಮಗನು ಮಾರಿದ’ ಎಂಬಷ್ಟು ದೂರ ನಡೆದ ಮೇಲೆ ‘ಎತ್ತು’ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ದೊರೆ ಮೊದಲು ಬಂದುಬಿಡುತ್ತಾನೆ, ಅವನ ನಿಲುವಂಗಿಯ ಸೆರಗು ನೆಲವನ್ನು ಗುಡಿಸುತ್ತ ಹಿಂದಿನಿಂದ ಬರುತ್ತದೆ. ಎಷ್ಟು ಉದ್ದವಾದರೂ ಆಯಿತು, ದೊರೆಯನ್ನು ನೋಡಿಯಾಗಿದೆ. ಕನ್ನಡದ ಕಿವಿ ಕಾದುಕೊಂಡಿರುವ ಕಿವಿ. ನಾಮಪದ ಬಂದೊಡನೆ ಅದಕ್ಕೆ ಸಮಾಧಾನವಾಗಿ ವಿಷಯ ಮುಗಿಯಿತೆಂದು ಎದ್ದುಹೋಗುತ್ತದೆ. ಇಂಗ್ಲಿಷಿನಲ್ಲಿ ನಾಮಪದ ಬಂದ ಮೇಲೆ ಕೂತಿರಬೇಕು. ನಿನ್ನ ಹುಡುಗರು ಕಲಿಯಬೇಕಾದದ್ದು ಆ ಕೂತಿರುವ ಅಭ್ಯಾಸವನ್ನು.

ಕಿರಿಯರು: ಇದೊಂದು ಸ್ಥಳಭೇದ ಮಾತ್ರವೇ? ಮುಂದಿದ್ದುದು ಹಿಂದೆ, ಅಷ್ಟೇ?

ಹಿರಿಯರು: ಅಷ್ಟೇ ಆಗಿದ್ದರೆ ಕನ್ನಡಿಯನ್ನು ಹಿಡಿದು ಕಲಿಸಿಬಿಡಬಹುದಾಗಿತ್ತು. ನಾನು ಬರೆದ ಕಾಗದ, ನಾನು ಬರೆದ ಲೇಖನಿ, ನಾನು ಬರೆದ ಮೇಜು. ಮೂರರಲ್ಲಿಯೂ ‘ಬರೆದ’ ಎಂಬುದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆದರೆ ಕಾಗದ ಕರ್ಮ, ಲೇಖನಿ ಕರಣ, ಮೇಜು ಅಧಿಕರಣ. ಕಾಗದವನ್ನು, ಲೇಖನಿಯಿಂದ, ಮೇಜಿನ ಮೇಲೆ ಎಂಬ ವಿಭಕ್ತಿಗಳನ್ನೆಲ್ಲ ಕನ್ನಡವು ನುಂಗಿಬಿಟ್ಟು, ಕೇಳುವವನಿಗೆ ಲೋಕಜ್ಞಾನ ಇದೆಯೆಂದು ನಂಬಿ ಕೈಕಟ್ಟಿ ಕೂತಿದೆ. ಇಂಗ್ಲಿಷಿಗೆ ಆ ನಂಬಿಕೆ ಇಲ್ಲ. ‘ದಿ ಲೆಟರ್ ವಿಚ್ ಐ ರೋಟ್’, ‘ದಿ ಪೆನ್ ವಿತ್ ವಿಚ್ ಐ ರೋಟ್’, ‘ದಿ ಟೇಬಲ್ ಆನ್ ವಿಚ್ ಐ ರೋಟ್’. ಪ್ರತಿಯೊಂದಕ್ಕೂ ರಸೀತಿ ಬೇಕು. ನಿನ್ನ ಹುಡುಗರಲ್ಲಿ ಎಷ್ಟು ಮಂದಿ ‘ದಿ ಪೆನ್ ವಿಚ್ ಐ ರೋಟ್’ ಎಂದು ಬರೆದಿದ್ದಾರೆ?

ಕಿರಿಯರು: ಅರ್ಧ ತರಗತಿ.

ಹಿರಿಯರು: ಲೇಖನಿಯನ್ನೇ ಬರೆದುಬಿಟ್ಟರು. ಉಳಿದ ಅರ್ಧ?

ಕಿರಿಯರು: ‘ದಿ ಪೆನ್ ಐ ರೋಟ್ ವಿತ್’ ಎಂದು ಒಬ್ಬನು ಬರೆದಿದ್ದಾನೆ. ಸರ್ವನಾಮವೇ ಇಲ್ಲ, ‘ವಿತ್’ ಎಂಬುದು ಕಡೆಯಲ್ಲಿ ಅನಾಥವಾಗಿ ನಿಂತಿದೆ. ಅವನಿಗೆ ಸೊನ್ನೆ ಕೊಟ್ಟಿದ್ದೇನೆ.

ಹಿರಿಯರು: ಆ ಸೊನ್ನೆಯನ್ನು ನೀನು ಇಟ್ಟುಕೊ. ಉಪಸರ್ಗಾವ್ಯಯವು ವಾಕ್ಯದ ಕೊನೆಗೆ ಬರಕೂಡದೆಂದು ಕೊಕ್ಕೆ ತೆಗೆದವರಲ್ಲಿ ಡ್ರೈಡನ್ ಮಹಾಕವಿಯು ಮೊದಲಿಗರಲ್ಲೊಬ್ಬ. 1668ರಲ್ಲಿ ನಾಟಕಕಾವ್ಯವನ್ನು ಕುರಿತು ಅವನು ಒಂದು ಪ್ರಬಂಧವನ್ನು ಪ್ರಕಟಿಸಿದ್ದನು. ಅದೂ ಸಂವಾದರೂಪದ್ದೇ, ನಾಲ್ವರು ಮಾತಾಡುತ್ತಾರೆ. 1684ರ ಆವೃತ್ತಿಗೆ ಅದನ್ನು ಪರಿಷ್ಕರಿಸುವಾಗ, ಕೊನೆಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಅವ್ಯಯಗಳನ್ನೇ ಹೆಕ್ಕಿ ಹೆಕ್ಕಿ ಒಳಕ್ಕೆ ಸರಿಸಿದನು. ಲ್ಯಾಟಿನ್ನಿನಲ್ಲಿ ಅದು ಸಲ್ಲದು. ಆದುದರಿಂದ ಇಂಗ್ಲಿಷಿನಲ್ಲಿಯೂ ಸಲ್ಲಬಾರದು ಎಂಬ ಭಾವನೆ ಅದರ ಹಿಂದಿತ್ತೆಂದು ಹೇಳುತ್ತಾರೆ. ಆಂಗ್ಲರು ಮಾತ್ರ ಅಂದಿಗೂ ಇಂದಿಗೂ ಮನೆಯಲ್ಲಿ ‘ದಿ ಪೆನ್ ಐ ರೋಟ್ ವಿತ್’ ಎಂದೇ ಹೇಳುತ್ತಾರೆ. ಸರ್ವನಾಮವನ್ನು ಬಿಟ್ಟುದನ್ನೂ ತಪ್ಪೆನ್ನಬೇಡ. ಯೆಸ್ಪರ್ಸೆನ್ ಎಂಬ ಡೇನಿಷ್ ವಿದ್ವಾಂಸನು, ಹೀಗೆ ನಡುವೆ ಯಾವ ಕೊಂಡಿಯೂ ಇಲ್ಲದೆ ನಾಮಪದಕ್ಕೆ ಮೈ ತಾಗಿಸಿ ನಿಂತ ವಾಕ್ಯಗಳಿಗೆ ಸಂಪರ್ಕವಾಕ್ಯ ಎಂಬ ಅರ್ಥದ ಹೆಸರನ್ನು ಕೊಟ್ಟನು. ಕೊಂಡಿಯನ್ನು ಯಾರೋ ಕದ್ದುಕೊಂಡು ಹೋದರೆಂದು ತಿಳಿಯಬೇಕಾಗಿಲ್ಲ. ಮೈ ತಾಗಿದ್ದೇ ಅಲ್ಲಿ ಕೊಂಡಿ. ನಮ್ಮ ‘ನಾನು ಬರೆದ ಕಾಗದ’ಕ್ಕೆ ಇಂಗ್ಲಿಷಿನಲ್ಲಿ ಹತ್ತಿರದ ಬಂಧು ಯಾರಾದರೂ ಇದ್ದರೆ ‘ದಿ ಲೆಟರ್ ಐ ರೋಟ್’ ಎಂಬುದೇ. ಕರ್ತೃಸ್ಥಾನದಲ್ಲಿ ಮಾತ್ರ ಈ ಸಲಿಗೆ ನಡೆಯದು.

ಕಿರಿಯರು: ಹೀಗೆ ರಸೀತಿಯನ್ನು ಕೇಳದಿರುವುದರಿಂದ ಕನ್ನಡಕ್ಕೆ ನಷ್ಟವೇನೂ ಇಲ್ಲವೆ?

ಹಿರಿಯರು: ಇಲ್ಲದೆ ಏನು? ಹುಲಿ ಕೊಂದ ಬೇಟೆಗಾರ ಎನ್ನು. ಬೇಟೆಗಾರ ಬದುಕಿದ್ದಾನೆಯೆ?

ಕಿರಿಯರು: (ನಕ್ಕು) ಹುಲಿಯನ್ನು ಕೊಂದವನಾದರೆ ಬದುಕಿದ್ದಾನೆ, ಹುಲಿಯು ಕೊಂದವನಾದರೆ ಇಲ್ಲ.

ಹಿರಿಯರು: ಒಂದು ದ್ವಿತೀಯಾವಿಭಕ್ತಿಯ ಮೇಲೆ ಒಬ್ಬ ಮನುಷ್ಯನ ಪ್ರಾಣ ನಿಂತಿದೆ, ನಾವೋ ಅದನ್ನು ಮಾತಿನ ಭರದಲ್ಲಿ ಉದುರಿಸಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಪದಗಳ ಕ್ರಮವೂ ‘ಹೂ’–‘ಹೂಮ್’ ಎಂಬ ಭೇದವೂ ಈ ಸಂದೇಹಕ್ಕೆ ಎಡೆಗೊಡುವುದಿಲ್ಲ. ಇನ್ನು, ನಾನು ಬಂದ ಮನುಷ್ಯ ಎಂದರೆ ಯಾರಿಗೂ ಏನೂ ತಿಳಿಯದು. ಯಾರೊಡನೆ ಬಂದೆನೋ ಆ ಮನುಷ್ಯ ಎಂದೇ ಹೇಳಬೇಕು. ಕೃದಂತಕ್ಕೆ ಕೈಗೆಟುಕದ ಕಡೆಯಲ್ಲಿ ಯಾರು–ಅವರು ಎಂಬ ಆ ಹಳೆಯ ಜೋಡಿ ಉಪಕಾರಕ್ಕೆ ಬರುತ್ತದೆ. ಅದಕ್ಕೆಂದೇ ಅದು ಮನೆಯಲ್ಲಿದೆ; ಹಬ್ಬಕ್ಕೆ ತೆಗೆಯುವ ಹಂಡೆಯ ಹಾಗೆ. ನಮ್ಮ ಕೆಲವು ಭಾಷಾಂತರಕಾರರು ದಿನವೂ ಅದರಲ್ಲಿಯೇ ಕಾಫಿ ಕಾಯಿಸುತ್ತಾರೆ, ಯಾವ ಮನುಷ್ಯನು ನಿನ್ನೆ ಬಂದಿದ್ದನೋ ಆ ಮನುಷ್ಯನು ಎಂದು. ಓದಿದರೆ ಹಲ್ಲು ನೋಯುತ್ತದೆ.

ಕಿರಿಯರು: ಉದ್ದವಾದ ಸರಣಿಯಲ್ಲಿ ಯಾವ ಭಾಷೆ ಮೇಲು? ಆ ‘ಜ್ಯಾಕನು ಕಟ್ಟಿದ ಮನೆ’ ಎಂಬ ಮಕ್ಕಳ ಪದ್ಯವನ್ನು ಶಿಶುವರ್ಗದವರು ಸಲೀಸಾಗಿ ಒಪ್ಪಿಸುತ್ತಾರೆ. ಅದರಲ್ಲಿ ಉಪವಾಕ್ಯದೊಳಗೆ ಉಪವಾಕ್ಯ ಏಳೆಂಟು ಸುತ್ತು ಹೋಗುತ್ತದೆ.

ಹಿರಿಯರು: ಅದು ಒಳಗೆ ಹೋಗುವುದಿಲ್ಲ, ಮುಂದೆ ಮುಂದೆ ಹೋಗುತ್ತದೆ; ಅದಕ್ಕೇ ಸಲೀಸು. ಈಗ ನೋಡು, ಇದು ನನಗೆ ಬಹಳ ದಿನದಿಂದ ವಿನೋದವನ್ನು ಕೊಟ್ಟಿರುವ ವಿಷಯ. ನಾಯಿ ಬೆಕ್ಕನ್ನು ಅಟ್ಟಿತು, ಬೆಕ್ಕು ಇಲಿಯನ್ನು ಹಿಡಿಯಿತು, ಇಲಿ ಕಾಳನ್ನು ತಿಂದಿತು. ಮೂರನ್ನೂ ಕೂಡಿಸಿ ನಾಯಿಯನ್ನು ವರ್ಣಿಸಬೇಕಾದರೆ, ಕಾಳನ್ನು ತಿಂದ ಇಲಿಯನ್ನು ಹಿಡಿದ ಬೆಕ್ಕನ್ನು ಅಟ್ಟಿದ ನಾಯಿ. ಇಂಗ್ಲಿಷಿನಲ್ಲಿಯೂ ಸುಗಮ: ‘ದಿ ಡಾಗ್ ದಟ್ ಚೇಸ್ಡ್ ದಿ ಕ್ಯಾಟ್ ದಟ್ ಕಾಟ್ ದಿ ರ್‍ಯಾಟ್ ದಟ್ ಏಟ್ ದಿ ಗ್ರೇನ್.’ ಈಗ ಕಾಳನ್ನು ವರ್ಣಿಸು.

ಕಿರಿಯರು: ನಾಯಿ ಅಟ್ಟಿದ ಬೆಕ್ಕು ಹಿಡಿದ ಇಲಿ ತಿಂದ ಕಾಳು. ನೀರು ಕುಡಿದ ಹಾಗೆ ಬಂತು.

ಹಿರಿಯರು: ಇಂಗ್ಲಿಷಿನಲ್ಲಿ ಹೇಳು.

ಕಿರಿಯರು: ‘ದಿ ಗ್ರೇನ್ ದಟ್ ದಿ ರ್‍ಯಾಟ್ ದಟ್ ದಿ ಕ್ಯಾಟ್ ದಟ್ ದಿ ಡಾಗ್...’ ಇನ್ನು ಕ್ರಿಯಾಪದಗಳು. ‘ಚೇಸ್ಡ್ ಕಾಟ್ ಏಟ್’. ಅಬ್ಬಾ! ಮೂರು ಕ್ರಿಯಾಪದಗಳೂ ಬಂಡಿಯ ಹಿಂದೆ ಜೋತುಬಿದ್ದ ಹುಡುಗರ ಹಾಗೆ ಒಟ್ಟಿಗೆ ಬಿದ್ದುವು.

ಹಿರಿಯರು: ಯಾವುದು ಯಾರದೆಂದು ಆಂಗ್ಲನೂ ಬೆರಳು ಮಡಿಸಿ ಎಣಿಸಬೇಕು. ಹಿಗ್ಗಬೇಡ, ನಮ್ಮದೂ ಒಂದಿದೆ: ನಾನು ನೀನು ಅವನು ಬರೆದ ಪುಸ್ತಕವನ್ನು ಕೊಟ್ಟ ಹುಡುಗನನ್ನು ನೋಡಿದೆನು.

ಕಿರಿಯರು: ಇದೇನಿದು, ನಾನು, ನೀನು, ಅವನು, ಮೂವರೂ ಬಾಗಿಲಲ್ಲಿಯೇ ನಿಂತುಬಿಟ್ಟರಲ್ಲ!

ಹಿರಿಯರು: ಬರೆದವನು ಅವನು, ಕೊಟ್ಟವನು ನೀನು, ನೋಡಿದವನು ನಾನು. ಇಂಗ್ಲಿಷಿನಲ್ಲಿ ನಾನು ಹುಡುಗನನ್ನು ನೋಡಿದೆ ಎಂದು ತೊಡಗಿ, ಅವನಿಗೆ ನೀನು ಪುಸ್ತಕವನ್ನು ಕೊಟ್ಟುದನ್ನು ಹೇಳಿ, ಅದನ್ನು ಅವನು ಬರೆದುದಕ್ಕೆ ಬಂದರೆ ಉಸಿರೇ ಹಿಡಿಯಬೇಕಾಗಿಲ್ಲ. ಇಂಗ್ಲಿಷು ಎಡವುವುದು ಕೊನೆಯಲ್ಲಿ, ಕ್ರಿಯಾಪದಗಳ ಗುಂಪಿನಲ್ಲಿ. ಕನ್ನಡವು ಎಡವುವುದು ಹೊಸ್ತಿಲಲ್ಲಿ, ಕರ್ತೃಪದಗಳ ಗುಂಪಿನಲ್ಲಿ. ಆದುದರಿಂದ ಇಂಗ್ಲಿಷಿನ ಉದ್ದನೆಯ ವಾಕ್ಯವನ್ನು ಉದ್ದನೆಯ ಕನ್ನಡವಾಕ್ಯವನ್ನಾಗಿಯೇ ಮಾಡುತ್ತೇನೆಂದು ಹಟ ಹಿಡಿಯುವುದು ಬುದ್ಧಿವಂತಿಕೆಯಲ್ಲ. ಇನ್ನೇನಿದೆ ನಿನ್ನ ಕಟ್ಟಿನಲ್ಲಿ?

ಕಿರಿಯರು: ‘ದಿ ಮ್ಯಾನ್ ವಿಚ್’ ಎಂದು ಬರೆದವರು ನಾಲ್ವರು. ಮನುಷ್ಯನನ್ನು ನಪುಂಸಕಲಿಂಗಕ್ಕೆ ಇಳಿಸಿದ್ದಾರೆ.

ಹಿರಿಯರು: ಇಂದಿನ ಇಂಗ್ಲಿಷಿನಲ್ಲಿ ಅದು ತಪ್ಪು, ತಿದ್ದು. ಆದರೆ ತುಂಬ ಕೋಪ ಮಾಡಬೇಡ. 1611ರ ಬೈಬಲ್ ಭಾಷಾಂತರದಲ್ಲಿ ಪರಲೋಕದ ತಂದೆಯನ್ನು ಕುರಿತ ಪ್ರಾರ್ಥನೆಯಲ್ಲಿಯೇ ದೇವರಿಗೆ ‘ವಿಚ್’ ಎಂದು ಪ್ರಯೋಗವಿದೆ. ಷೇಕ್ಸ್‌ಪಿಯರನೂ ಮನುಷ್ಯರಿಗೆ ಅದನ್ನು ಸಲ್ಲಿಸಿದ್ದಾನೆ. ಮೂಲದಲ್ಲಿ ಈ ‘ಹೂ’, ‘ವಿಚ್’ ಎರಡೂ ಬರಿಯ ಪ್ರಶ್ನೆಯ ಮಾತುಗಳು, ನಮ್ಮ ಯಾರು, ಯಾವುದುಗಳ ಹಾಗೆ. ಅತಿ ಪ್ರಾಚೀನವಾದ ಇಂಗ್ಲಿಷಿನಲ್ಲಿ ಸಂಬಂಧವನ್ನು ತಿಳಿಸುತ್ತಿದ್ದುದು ಲಿಂಗವಿಭಕ್ತಿಗಳಿಲ್ಲದ ಒಂದು ಚಿಕ್ಕ ಅವ್ಯಯ, ಮತ್ತು ಅವನು–ಅದು ಎಂಬರ್ಥದ ದರ್ಶಕಸರ್ವನಾಮ. ‘ದಟ್’ ಎಂಬುದು ಆ ದರ್ಶಕದ ಸಂತಾನ. ಪ್ರಶ್ನಾರ್ಥಕಗಳು ಆಮೇಲೆ, ಲ್ಯಾಟಿನ್ ಮತ್ತು ಫ್ರೆಂಚ್ ಬರೆವಣಿಗೆಯ ಸಹವಾಸದಲ್ಲಿ, ಮೆಲ್ಲಮೆಲ್ಲನೆ ಈ ಉದ್ಯೋಗಕ್ಕೆ ಬಂದುವು. ಕರ್ತೃಸ್ಥಾನದ ‘ಹೂ’ ಎಲ್ಲರಿಗಿಂತ ತಡವಾಗಿ ಬಂದು, ಹದಿನಾರನೆಯ ಶತಮಾನದಲ್ಲಿ ಕಾಲೂರಿತು. ಇಷ್ಟಾದರೂ 1711ರಲ್ಲಿ ರಿಚರ್ಡ್ ಸ್ಟೀಲನು ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಒಂದು ವಿನೋದದ ಅರ್ಜಿಯನ್ನು ಅಚ್ಚುಹಾಕಿದನು. ಅರ್ಜಿದಾರರು ‘ಹೂ’ ಮತ್ತು ‘ವಿಚ್’, ಪ್ರತಿವಾದಿ ‘ದಟ್’. ತಾವು ಪುರಾತನ ಮನೆತನದವರೆಂದೂ, ನಿನ್ನೆ ಮೊನ್ನೆ ತಲೆಯೆತ್ತಿದ ‘ದಟ್’ ಎಂಬವನು ತಮ್ಮನ್ನು ಹೊರಡಿಸಿ ತಮ್ಮ ಜಾಗದಲ್ಲಿ ಕುಳಿತಿದ್ದಾನೆಂದೂ ಗೋಳು.

ಕಿರಿಯರು: ಇತಿಹಾಸವನ್ನು ನೋಡಿದರೆ ದಾವೆ ತಿರುಗುಮುರುಗಾಗಿದೆ. ಒಕ್ಕಲಾಗಿ ಬಂದವನು ಮನೆಯ ಯಜಮಾನನ ಮೇಲೆಯೇ ಫಿರ್ಯಾದು ಕೊಟ್ಟಂತಾಯಿತು.

ಹಿರಿಯರು: ಜಮೀನಿನ ಖಟ್ಲೆಗಳಲ್ಲಿ ಹೊಸದೇನೂ ಅಲ್ಲ. ಎರಡು ಶತಮಾನ ಕಳೆದ ಮೇಲೆ ಫೌಲರನು ರಾಜಿ ಮಾಡಿಸಲು ಬಂದನು. 1926ರ ತನ್ನ ಪ್ರಯೋಗಕೋಶದಲ್ಲಿ, ಗುರುತಿಸುವ ಉಪವಾಕ್ಯಕ್ಕೆ ‘ದಟ್’, ಮೇಲುಮಾತಾಗಿ ಬರುವ ಉಪವಾಕ್ಯಕ್ಕೆ ‘ವಿಚ್’ ಎಂದು ಪಾಲು ಮಾಡಿಕೊಟ್ಟರೆ ಎಲ್ಲರಿಗೂ ಕ್ಷೇಮವೆಂದನು. ಒಳ್ಳೆಯ ಲೇಖಕರಲ್ಲಿ ಈ ರೂಢಿ ಇಲ್ಲವೆಂದೂ ತಾನೇ ಒಪ್ಪಿಕೊಂಡನು. ನನಗೆ ಆ ಪ್ರಾಮಾಣಿಕತೆ ಹಿಡಿಸಿತು, ಪಾಲುಪತ್ರ ಹಿಡಿಸಲಿಲ್ಲ. ಅವನು ಕಂಡ ಭೇದವಾದರೋ ನಿಜವಾದದ್ದು. ಅದನ್ನು ಕಾಯುವ ಕೆಲಸ ‘ದಟ್’–‘ವಿಚ್’ಗಳಿಗಿಂತ ಹೆಚ್ಚಾಗಿ ಒಂದು ಚುಕ್ಕೆಗೆ ಸೇರಿದ್ದು.

ಕಿರಿಯರು: ಅಲ್ಪವಿರಾಮಕ್ಕೆ. ಅದನ್ನು ನಾನು ತರಗತಿಯಲ್ಲಿ ಹೇಳಿದೆನು, ಆದರೆ ನನಗೇ ಪೂರ್ತಿ ನೆಲೆಗೊಂಡಿಲ್ಲ.

ಹಿರಿಯರು: ಮದರಾಸಿನಲ್ಲಿರುವ ನನ್ನ ಅಣ್ಣ ಬರುತ್ತಾನೆ ಎಂದರೆ ನನಗೆ ಎಷ್ಟು ಮಂದಿ ಅಣ್ಣಂದಿರು?

ಕಿರಿಯರು: ಹೇಳುವುದಕ್ಕಾಗದು. ಒಬ್ಬನೇ ಇರಬಹುದು, ಇಬ್ಬರಿದ್ದು ಅವರಲ್ಲಿ ಮದರಾಸಿನವನು ಬರುವುದಾಗಿರಬಹುದು.

ಹಿರಿಯರು: ಕನ್ನಡವು ಅಣ್ಣಂದಿರನ್ನು ಎಣಿಸುವುದಿಲ್ಲ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮದ್ರಾಸ್ ಈಸ್ ಕಮಿಂಗ್’ ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ಬೇರೆ ಕಡೆ ಇರುವ ಅಣ್ಣ ಇನ್ನೊಬ್ಬನಾದರೂ ಉಂಟು. ಇವನನ್ನು ಅವನಿಂದ ಬೇರ್ಪಡಿಸುವುದಕ್ಕೆ ಮದರಾಸು ಬೇಕಾಯಿತು. ‘ಬ್ರದರ್’ ಆದ ಮೇಲೆ ಒಂದು, ‘ಮದ್ರಾಸ್’ ಆದ ಮೇಲೆ ಒಂದು ಅಲ್ಪವಿರಾಮವನ್ನು ಹಾಕು. ಅಣ್ಣ ಒಬ್ಬನೇ, ಮದರಾಸು ಅವನ ವಿಷಯದಲ್ಲಿ ಹೇಳಿದ ಉಪಕಥೆ, ಬಿಟ್ಟರೂ ಅಣ್ಣನಿಗೆ ಲೋಪವಿಲ್ಲ. ಎರಡು ಚುಕ್ಕೆಗಳು ಒಬ್ಬ ಸಹೋದರನನ್ನು ಇಲ್ಲದಂತೆ ಮಾಡಬಲ್ಲುವು. ಮೃತ್ಯುಪತ್ರವನ್ನು ಬರೆಯುವವರು ಇದನ್ನು ತಿಳಿದಿರಬೇಕು; ‘ನನಗೆ ಸೇವೆ ಮಾಡಿದ ಮಕ್ಕಳಿಗೆ ಆಸ್ತಿ’ ಎಂಬಲ್ಲಿ ಎಲ್ಲ ಮಕ್ಕಳೂ ಸೇವೆ ಮಾಡಿದರೋ, ಮಾಡಿದ ಕೆಲವರಿಗೆ ಮಾತ್ರವೋ ಎಂಬುದು ವಕೀಲರ ಮನೆಯ ತಲೆಮಾರುಗಳನ್ನು ಸಾಕುವ ಪ್ರಶ್ನೆ.

ಕಿರಿಯರು: ಅಂದರೆ ಅಲ್ಪವಿರಾಮವನ್ನು ಹಾಕುವ ಮೊದಲು ವ್ಯಾಕರಣವನ್ನಲ್ಲ, ಮನೆಯ ಜನವನ್ನು ವಿಚಾರಿಸಬೇಕು.

ಹಿರಿಯ‍ರು: ಸರಿಯಾಗಿ ಹೇಳಿದೆ. ಈಗ ನಿನ್ನ ಅಂಟಿಸುವ ಪ್ರಶ್ನೆಗೆ ಬರುತ್ತೇನೆ. ರೈತನು ಬಾವಿಯನ್ನು ತೋಡಿದನು, ಬಾವಿ ಬತ್ತಿತು. ಇವೆರಡನ್ನು ಕೂಡಿಸು ಎಂದರೆ ಏನು ಮಾಡುತ್ತೀಯೆ?

ಕಿರಿಯರು: ‘ದಿ ವೆಲ್ ವಿಚ್ ದಿ ಫಾರ್ಮರ್ ಡಗ್ ಡ್ರೈಡ್ ಅಪ್’ ಎನ್ನಬಹುದು, ‘ದಿ ಫಾರ್ಮರ್ ಡಗ್ ಎ ವೆಲ್, ವಿಚ್ ಡ್ರೈಡ್ ಅಪ್’ ಎಂದೂ ಎನ್ನಬಹುದು. ಉತ್ತರಪುಸ್ತಕದಲ್ಲಿ ಯಾವುದಾದರೂ ಒಂದಿರುತ್ತದೆ.

ಹಿರಿಯರು: ಎರಡೂ ಒಂದೇ ಮಾತೆ? ಮೊದಲನೆಯದನ್ನು ಹೇಳುವಾಗ ಬಾವಿಯ ಸಂಗತಿ ಕೇಳುವವನಿಗೆ ಮೊದಲೇ ಗೊತ್ತಿದೆ, ರೈತನು ತೋಡಿದ ಆ ಬಾವಿ ಎಂದು ಬೆರಳು ಮಾಡಿ ತೋರಿಸಿ, ಬತ್ತಿತೆಂಬ ಹೊಸ ವರ್ತಮಾನವನ್ನು ಹೇಳುತ್ತೇವೆ. ಎರಡನೆಯದರಲ್ಲಿ ಗೊತ್ತಿದ್ದವನು ರೈತ. ಬಾವಿಯನ್ನು ತೋಡಿದ್ದು ಹೊಸದು, ಅದು ಬತ್ತಿದ್ದು ಇನ್ನೂ ಹೊಸದು. ಅಲ್ಲಿ ‘ವಿಚ್’ ಎಂಬುದು ಹೆಸರಿಗೆ ಅಧೀನ, ವಾಸ್ತವದಲ್ಲಿ ಕಥೆಯನ್ನು ಮುಂದಕ್ಕೆ ನಡೆಸುವವನು. ‘ಆದರೆ ಅದು’ ಎಂಬ ಕೆಲಸವನ್ನು ಮಾಡುತ್ತಾನೆ. ನಮ್ಮ ಕೃದಂತಕ್ಕೆ ಆ ಶಕ್ತಿ ಇಲ್ಲ. ಅದು ನಾಮಪದದ ಮುಂದೆ ನಡೆಯುವುದರಿಂದ ಹಿಂದೆ ಆಗಿಹೋದುದನ್ನೋ ತಿಳಿದುದನ್ನೋ ಹೊತ್ತುಕೊಂಡು ಬರುತ್ತದೆಯೇ ಹೊರತು, ಮುಂದಾಗುವುದನ್ನು ಹೇಳಲಾರದು. ಆ ಎರಡನೆಯ ವಾಕ್ಯವನ್ನು ನೀನು ಕಲಿಸಿದ ವಿಧಾನದಿಂದಲೇ ಕನ್ನಡಕ್ಕೆ ಇಳಿಸಿ ನೋಡು.

ಕಿರಿಯರು: ರೈತನು ಬತ್ತಿದ ಬಾವಿಯನ್ನು ತೋಡಿದನು.

ಹಿರಿಯರು: ಪುಣ್ಯಾತ್ಮ! ಬತ್ತಿದ್ದನ್ನು ಏಕೆ ತೋಡಿದ?

ಕಿರಿಯರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇಂಥ ವಾಕ್ಯಗಳನ್ನು ವೃತ್ತಪತ್ರಿಕೆಗಳಲ್ಲಿ ಓದಿದ್ದೇನೆ. ಏಕೆ ವಿಚಿತ್ರವಾಗಿದೆಯೆಂದು ಹೊಳೆದಿರಲಿಲ್ಲ.

ಹಿರಿಯರು: ರೈತನು ಬಾವಿ ತೋಡಿದ, ಅದು ಬತ್ತಿಹೋಯಿತು ಎಂದು ಎರಡು ತುಂಡು ಮಾಡಿದರೆ ಕನ್ನಡ. ಅಲ್ಲಿ ಕೂಡಿಸುವುದಕ್ಕಿಂತ ಬಿಡಿಸುವುದೇ ಸರಿ. ನನ್ನ ಇಂಗಿತ ಇಷ್ಟೇ: ಕೂಡಿಸುವುದೆಂದರೆ ಎರಡರಲ್ಲಿ ಯಾವುದು ಕೇಳುವವನಿಗೆ ಗೊತ್ತಿದೆ, ಯಾವುದನ್ನು ಅವನಿಗೆ ಮುಟ್ಟಿಸಬೇಕಾಗಿದೆ ಎಂದು ತೀರ್ಮಾನಿಸುವುದು. ಒಂದನ್ನು ಪ್ರಧಾನಮಾಡಿ ಪೀಠದ ಮೇಲೆ ಕೂರಿಸುತ್ತೇವೆ, ಇನ್ನೊಂದರ ಕೈಗೆ ಚಾಮರ ಕೊಡುತ್ತೇವೆ. ಅಭ್ಯಾಸಪುಸ್ತಕದ ಎರಡು ವಾಕ್ಯಗಳೋ ಯಾರು ಯಾರಿಗೆ ಯಾವಾಗ ಹೇಳಿದರೆಂಬುದೇ ಇಲ್ಲದ ಅನಾಥಶಿಶುಗಳು. ಯಾವುದಕ್ಕೆ ಚಾಮರ ಕೊಡಬೇಕೆಂದು ಮಗುವಿಗೆ ಹೇಗೆ ತಿಳಿಯಬೇಕು? ತಿಳಿಯದ ಕಡೆಯಲ್ಲಿ ಅದು ತನ್ನ ಮನೆಯಿಂದ ಸಂದರ್ಭವನ್ನು ತಂದು ತುಂಬಿಕೊಳ್ಳುತ್ತದೆ. ನಾವು ಉತ್ತರಪುಸ್ತಕವನ್ನು ನೋಡಿ ಅದನ್ನು ಹೊಡೆದುಹಾಕುತ್ತೇವೆ.

ಕಿರಿಯರು: ತಾವು ಹಾಗೆಂದುದರಿಂದ ನೆನಪಾಯಿತು. ನಾನು ಇಲ್ಲಿಗೆ ಬಂದದ್ದೇ ಈ ಒಂದು ಪುಸ್ತಕದ ಸಲುವಾಗಿ. ಒಬ್ಬ ಹುಡುಗಿಯದು. ವಾಕ್ಯಗಳನ್ನು ನಾನೇ ಮಾಡಿದ್ದು: ನನ್ನ ಅಜ್ಜಿ ಈ ಹಲಸಿನ ಮರವನ್ನು ನೆಟ್ಟಳು, ನನ್ನ ಅಜ್ಜಿ ಹೋದ ವರ್ಷ ತೀರಿಕೊಂಡಳು. ನಾನು ಇಟ್ಟುಕೊಂಡಿದ್ದ ಉತ್ತರ, ಈ ಮರವನ್ನು ನೆಟ್ಟ ಅಜ್ಜಿ ತೀರಿಕೊಂಡಳು ಎಂಬರ್ಥದ್ದು. ಸಾವೇ ದೊಡ್ಡ ಸಂಗತಿಯಲ್ಲವೆ, ಅದು ಪ್ರಧಾನವಾಕ್ಯದಲ್ಲಿರಬೇಕೆಂದು. ಇವಳು ಬರೆದಿರುವುದು ನೋಡಿ: ‘ಮೈ ಗ್ರ್ಯಾಂಡ್‌ಮದರ್ ಹೂ ಡೈಡ್ ಲಾಸ್ಟ್ ಇಯರ್ ಪ್ಲ್ಯಾಂಟೆಡ್ ದಿಸ್ ಜ್ಯಾಕ್ ಟ್ರೀ.’ ಸಾವನ್ನು ಉಪವಾಕ್ಯಕ್ಕೆ ತಳ್ಳಿ ಮರವನ್ನು ಪ್ರಧಾನ ಮಾಡಿದ್ದಾಳೆ. ಅಡ್ಡಗೆರೆ ಎಳೆದೆನು. ಎಳೆದ ಮೇಲೆ ಮನಸ್ಸು ಒಪ್ಪಲಿಲ್ಲ.

ಹಿರಿಯರು: ಕೊಡು ಇಲ್ಲಿ. (ಕನ್ನಡಕವನ್ನು ಸರಿಮಾಡಿಕೊಂಡು) ಅಕ್ಷರ ಚೆನ್ನಾಗಿದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಾವು, ವರ್ಷವಾಯಿತು, ವರ್ಷಾಬ್ದಿಕವೂ ಆಗಿರಬಹುದು. ಮರ ಕಣ್ಣೆದುರಿಗೆ ನಿಂತಿದೆ. ಈ ಮರ ಎಂದಿದ್ದಾಳೆ, ನೆರಳಿನಲ್ಲಿ ಕೂತು ಬರೆದಿದ್ದರೂ ಬರೆದಿರಬಹುದು. ಅವಳು ಯಾರಿಗೋ ಮರವನ್ನು ತೋರಿಸುತ್ತಿದ್ದಾಳೆ. ಆ ಕ್ರಮದಲ್ಲಿ ನಾನು ತಪ್ಪನ್ನು ಕಾಣೆ.

ಕಿರಿಯರು: ಕ್ರಮ ಇರಲಿ, ಅಲ್ಪವಿರಾಮ? ‘ಗ್ರ್ಯಾಂಡ್‌ಮದರ್’ ಆದ ಮೇಲೆಯೂ ಇಲ್ಲ, ‘ಇಯರ್’ ಆದ ಮೇಲೆಯೂ ಇಲ್ಲ. ತಾವು ಈಗ ತಾನೆ ಹೇಳಿದ ಲೆಕ್ಕದಲ್ಲಿ, ತೀರಿಕೊಂಡ ಅಜ್ಜಿಯನ್ನು ಇನ್ನೊಬ್ಬ ಅಜ್ಜಿಯಿಂದ ಬೇರ್ಪಡಿಸಿದಂತಾಗುವುದಿಲ್ಲವೆ? ಅಷ್ಟಕ್ಕಾದರೂ ಅರ್ಧ ಅಂಕ ಕಳೆಯಬೇಕಷ್ಟೆ.

ಹಿರಿಯರು: ಅವಳ ತಾಯಿಯ ತಾಯಿ ಇದ್ದಾಳೆಯೆ?

ಕಿರಿಯರು: ಏನೆಂದಿರಿ?

ಹಿರಿಯರು: ಅಜ್ಜಿಯರು ಇಬ್ಬರಲ್ಲವೇನಯ್ಯ ಎಲ್ಲರಿಗೂ. ತಂದೆಯ ಕಡೆಯವಳು ತೀರಿಕೊಂಡು ತಾಯಿಯ ಕಡೆಯವಳು ಇನ್ನೂ ಗಟ್ಟಿಯಾಗಿದ್ದರೆ, ಈ ವಾಕ್ಯದಲ್ಲಿ ಅಲ್ಪವಿರಾಮ ಹಾಕುವುದೇ ತಪ್ಪಾಗುತ್ತದೆ.

ಕಿರಿಯರು: ನನಗೆ ತಿಳಿಯದು. ನಾಳೆ ಬೆಳಗ್ಗೆ ಅವಳನ್ನು ಕೇಳುತ್ತೇನೆ.

ಹಿರಿಯರು: ಕೇಳು. ಅಲ್ಲಿಯವರೆಗೆ ಆ ಗೆರೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿಡು. ಆ ‘ವಿತ್’ ಹುಡುಗನ ಸೊನ್ನೆಯನ್ನೂ ಅಳಿಸಿಬಿಡು. ಒಳಗೆ ಹೇಳುತ್ತೇನೆ, ಕಾಫಿ ಕುಡಿದುಕೊಂಡೇ ಹೋಗು. ಹಾಲು ಒಲೆಯ ಮೇಲೆ ಇಟ್ಟ ಸದ್ದು ಆಗಲೇ ಕೇಳಿಸಿತು.